ಸಿಹಿ ಎಷ್ಟು ಹೊತ್ತು ನಿಲ್ಲುತ್ತದೆ? ನಾಲಗೆಯ ಗಡಿಯಾರ, ರಕ್ತದ ಗಡಿಯಾರ



ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಂಡೆಯ ಗ್ರಾಮ. ಅಲ್ಲಮಪ್ರಭುಗಳ ದರ್ಶನಕ್ಕೆಂದು ಅಲ್ಲಿಗೆ ಹೋಗಿದ್ದ ಒಂದು ದಿನ ನಾವು ಕಂಡ ಪ್ರಸಂಗವೇ ಈ ತಿಂಗಳ ಪಾಠಕ್ಕೆ ಕಾರಣವಾಗಿದೆ. ಮಾನ್ವಿ ಕಡೆಯಿಂದ ಕುಟುಂಬದೊಡನೆ ಬಂದಿದ್ದ ಹಿರಿಯರೊಬ್ಬರು ಬೆಳಗ್ಗೆ ಎಂದಿನಂತೆ ಇನ್ಸುಲಿನ್ ಚುಚ್ಚಿಸಿಕೊಂಡು ಹೊರಟಿದ್ದರು. ದರ್ಶನವಾಗುವವರೆಗೆ ಏನನ್ನೂ ತಿನ್ನಬಾರದೆಂದು ಅವರ ಸಂಕಲ್ಪ. ಬಿಸಿಲೇರಿತು, ಪ್ರಸಾದದ ಹೊತ್ತು ತಡವಾಯಿತು. ಬೇವಿನ ಮರದ ನೆರಳಿನಲ್ಲಿ ಕುಳಿತ ಅವರ ಹಣೆ ಬೆವರತೊಡಗಿತು, ಕೈ ನಡುಗತೊಡಗಿತು. ಸೊಸೆ ಗಾಬರಿಯಾದರೂ ಜಾಣತನದಿಂದಲೇ ನಡೆದುಕೊಂಡೆವೆಂದು ತಿಳಿದು ಚಹ ತರಿಸಿದರು. ಮಾವನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ತಮ್ಮ ಚೀಲದಲ್ಲಿದ್ದ ಸಿಹಿ ಗುಳಿಗೆಗಳನ್ನು ಎರಡು ಹಾಕಿ ಕುಡಿಸಿದರು. ಹತ್ತು ನಿಮಿಷ ಕಳೆಯಿತು. ಹಿರಿಯರು ಹೇಳಿದ ಮಾತು ಇಷ್ಟೇ: "ಬಾಯೊಳಗ ಸಿಹಿ ಇನ್ನಾ ಅದವ್ವ, ಆದ್ರ ಕೈ ನಿಂದ್ರವಲ್ದು."

ಸುತ್ತ ಕುಳಿತಿದ್ದ ನಾವೂ, ಸಿಹಿ ಕುಡಿದಿದ್ದಾರೆ, ಇನ್ನೇನು ಸರಿಹೋಗುತ್ತಾರೆ ಎಂದೇ ಭಾವಿಸಿದ್ದೆವು. ಅಷ್ಟರಲ್ಲಿ ದರ್ಶನಕ್ಕೆ ಬಂದಿದ್ದ ದಾದಿಯೊಬ್ಬರು ಚಹದ ಬಗ್ಗೆ ಕೇಳಿ ತಿಳಿದು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಹಿರಿಯರು ಎದ್ದು ಕುಳಿತರು. ಅನಂತರ ಎಲ್ಲರೊಡನೆ ಪ್ರಸಾದವನ್ನೂ ಸ್ವೀಕರಿಸಿದರು.

ಸಿಹಿ ಬಾಯಲ್ಲಿ ನಿಂತಿತ್ತು, ದೇಹಕ್ಕೆ ಮುಟ್ಟಿರಲಿಲ್ಲ. ಈ ಎರಡರ ನಡುವಿನ ಅಂತರವನ್ನು ಅರಿಯದೆ ಹೋದರೆ ಸಿಹಿ ಗುಳಿಗೆಯ ಉಪಯೋಗವೂ ತಿಳಿಯದು, ಅಪಾಯವೂ ತಿಳಿಯದು. ಆದ್ದರಿಂದ ಮೊದಲು ನಾಲಗೆಯ ಮೇಲೆ ಸಿಹಿ ಎಷ್ಟು ಬೇಗ ಮೂಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಳೆಯುವ ಕ್ರಮವನ್ನು ನೋಡೋಣ. ಬಳಿಕ ರಕ್ತದ ಮಾತಿಗೆ ಬರೋಣ.

ಸಿಹಿಗೂ ಒಂದು ಆಕಾರವಿದೆ

ಸಾಮಾನ್ಯವಾಗಿ ನಾವು "ಇದು ಹೆಚ್ಚು ಸಿಹಿ, ಅದು ಕಡಿಮೆ ಸಿಹಿ" ಎಂದು ಪ್ರಮಾಣವನ್ನಷ್ಟೇ ಹೇಳುತ್ತೇವೆ. ಆದರೆ ಸಿಹಿಯೆಂಬುದು ಒಂದೇ ಸಲಕ್ಕೆ ಬಂದು ಒಂದೇ ಸಲಕ್ಕೆ ಹೋಗುವ ಅನುಭವವಲ್ಲ. ಹೊಳೆಗೆ ನೀರು ಬಂದು ಏರಿ ಇಳಿಯುವಂತೆ ಅದಕ್ಕೂ ಏರಿಳಿತವಿದೆ. ಅದನ್ನು ನಾಲ್ಕು ಅಂಶಗಳಾಗಿ ಬಿಡಿಸಿ ನೋಡಬಹುದು. ಒಂದು, ಬಾಯಿಗಿಟ್ಟ ಮೇಲೆ ಸಿಹಿ ತೋರಲು ಹಿಡಿಯುವ ಕಾಲ. ಎರಡು, ಅದು ತನ್ನ ಶಿಖರವನ್ನು ಮುಟ್ಟುವ ಕಾಲ. ಮೂರು, ಆ ಶಿಖರದ ಎತ್ತರ. ನಾಲ್ಕು, ನುಂಗಿದ ಮೇಲೆಯೂ ಅದು ಉಳಿದು ಪೂರ್ಣ ಮಾಸುವವರೆಗಿನ ಕಾಲ. ಆಹಾರ ವಿಜ್ಞಾನಿಗಳು ಇದನ್ನು ಕಾಲ ಮತ್ತು ತೀವ್ರತೆಗಳ ಅಳತೆ ಎನ್ನುತ್ತಾರೆ.

ಈ ಅಳತೆಗೆ ಯಂತ್ರಕ್ಕಿಂತ ಮುಖ್ಯವಾದ ಸಾಧನ ಮನುಷ್ಯನ ನಾಲಗೆಯೇ. ಮೊದಲು ಕೆಲವರನ್ನು ರುಚಿ ನೋಡುವುದಕ್ಕೆ ತರಬೇತುಗೊಳಿಸುತ್ತಾರೆ. ಯಾವ ಲೋಟದಲ್ಲಿ ಏನಿದೆಯೆಂದು ಅವರಿಗೆ ತಿಳಿಸುವುದಿಲ್ಲ. ಗುಟುಕು ಬಾಯಿಗಿಟ್ಟ ಗಳಿಗೆಯಿಂದ ರುಚಿ ಮಾಸುವವರೆಗೆ ಅದರ ತೀವ್ರತೆಯನ್ನು ಅವರು ಬಿಡದೆ ಗುರುತಿಸುತ್ತ ಹೋಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೋಸ್ ಮೇರಿ ಪ್ಯಾಂಗ್‌ಬಾರ್ನ್ ಮತ್ತು ಅವರ ಸಹಸಂಶೋಧಕಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಲಿಸುವ ಕಾಗದದ ಮೇಲೆ ಲೇಖನಿಯನ್ನು ಸರಿಸುತ್ತ ಸಕ್ಕರೆಯ ಮತ್ತು ಕೃತಕ ಸಿಹಿಗಳ ಏರಿಳಿತವನ್ನು ಗೆರೆಯಾಗಿ ಮೂಡಿಸಿದರು. ಮುಂದೆ ಆ ಲೇಖನಿಯ ಸ್ಥಾನಕ್ಕೆ ಗಣಕಯಂತ್ರ ಬಂದಿತು. ನಮ್ಮ ನಾಡಿನಲ್ಲಿಯೂ 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ (ಸಿ.ಎಫ್.ಟಿ.ಆರ್.ಐ.) ಆಹಾರದ ರುಚಿ, ಪರಿಮಳಗಳನ್ನು ತರಬೇತಾದವರಿಂದ ಪರೀಕ್ಷಿಸುವುದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ.

ಯಾವ ಸಿಹಿಯ ನಡೆ ಹೇಗೆ?

ಸಕ್ಕರೆಯ ಸಿಹಿ ಬೇಗ ಮೂಡುತ್ತದೆ, ಬೇಗ ಶಿಖರವನ್ನು ಮುಟ್ಟುತ್ತದೆ, ಹಿಂದೆ ಏನನ್ನೂ ಉಳಿಸದೆ ಇಳಿಯುತ್ತದೆ. ಹುಟ್ಟಿದಂದಿನಿಂದ ನಮ್ಮ ನಾಲಗೆ ಪಳಗಿರುವುದು ಈ ನಡೆಗೆ. ಆದ್ದರಿಂದ ಉಳಿದೆಲ್ಲವನ್ನೂ ನಾವು ಅರಿಯದೆಯೇ ಸಕ್ಕರೆಯೊಡನೆ ಹೋಲಿಸುತ್ತೇವೆ. ಹಣ್ಣು ಮತ್ತು ಜೇನಿನಲ್ಲಿರುವ ಫ್ರಕ್ಟೋಸ್ ಸಕ್ಕರೆಗಿಂತಲೂ ಬೇಗ ಬಂದು ಬೇಗ ಮಾಸುತ್ತದೆ.

ಸ್ಯಾಕರಿನ್ ಮೊತ್ತಮೊದಲ ಕೃತಕ ಸಿಹಿ. 1879ರಲ್ಲಿ ಕಾನ್‌ಸ್ಟಂಟೀನ್ ಫಾಲ್ಬರ್ಗ್ ಎಂಬ ರಸಾಯನ ವಿಜ್ಞಾನಿ ಪ್ರಯೋಗಾಲಯದಿಂದ ಬಂದು ಊಟಕ್ಕೆ ಕುಳಿತಾಗ ರೊಟ್ಟಿ ಸಿಹಿಯಾಗಿ ತೋರಿತಂತೆ. ಕೈಗೆ ಅಂಟಿ ಬಂದಿದ್ದ ವಸ್ತುವೇ ಅದಕ್ಕೆ ಕಾರಣವೆಂದು ಬಳಿಕ ತಿಳಿಯಿತು. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿಯಾದ ಇದರ ಹಿಂದೆ ಹಲವರಿಗೆ ಕಹಿಯೂ ಲೋಹದಂಥ ರುಚಿಯೂ ಉಳಿಯುತ್ತವೆ. 1965ರಲ್ಲಿ ಕಂಡುಬಂದ ಆಸ್ಪರ್ಟೇಮ್ ಸುಮಾರು 200 ಪಟ್ಟು ಸಿಹಿ. ಅದು ಸಕ್ಕರೆಗಿಂತ ತುಸು ತಡವಾಗಿ ಏರಿ, ಹೆಚ್ಚು ಹೊತ್ತು ನಿಲ್ಲುತ್ತದೆ. 1976ರಲ್ಲಿ ಕಂಡುಬಂದ ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಅದರ ಸಿಹಿಯೂ ಬಾಯಲ್ಲಿ ಉಳಿಯುವ ಜಾತಿಯದು. ಸ್ಟೀವಿಯಾ ಗಿಡದ ಎಲೆಯಿಂದ ತೆಗೆದ ಸಿಹಿ ನಿಧಾನವಾಗಿ ಮೂಡಿ ಬಹಳ ಹೊತ್ತು ಅಂಟಿಕೊಂಡಿರುತ್ತದೆ. ಕೆಲವರಿಗೆ ಜೊತೆಯಲ್ಲಿ ಕಹಿಯೂ ತೋರುತ್ತದೆ. ಪಶ್ಚಿಮ ಆಫ್ರಿಕದ ಒಂದು ಹಣ್ಣಿನಿಂದ ದೊರೆಯುವ ಥೌಮಾಟಿನ್ ಎಂಬ ಪ್ರೋಟೀನು ಸಕ್ಕರೆಗಿಂತ ಸಾವಿರಾರು ಪಟ್ಟು ಸಿಹಿಯಾದರೂ ಬಹಳ ತಡವಾಗಿ ಬಂದು ಬಹಳ ತಡವಾಗಿ ಹೋಗುತ್ತದೆ.

ಇಷ್ಟು ದೂರ ಹೋಗದೆಯೂ ಇದನ್ನು ಅರಿಯಬಹುದು. ಕೆಮ್ಮಿಗೆಂದು ಮನೆಯ ಹಿರಿಯರು ಬಾಯಲ್ಲಿಡುವ ಜ್ಯೇಷ್ಠಮಧುವಿನ ತುಂಡನ್ನು ನೆನೆಯಿರಿ. ಅದರ ಸಿಹಿ ಮೆಲ್ಲಗೆ ಏರುತ್ತದೆ, ತುಂಡನ್ನು ಉಗುಳಿದ ಮೇಲೆಯೂ ಗಂಟಲಿನಲ್ಲಿ ಉಳಿಯುತ್ತದೆ. ನಾಲಗೆಗೆ ಹಿತವೆಂದು ಅದನ್ನೇ ನಿತ್ಯ ಹೆಚ್ಚಾಗಿ ಸೇವಿಸಬಾರದು. ಅತಿಯಾದರೆ ರಕ್ತದ ಒತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ.

ಈ ವ್ಯತ್ಯಾಸ ಏಕೆ? ನಾಲಗೆಯ ರುಚಿ ಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕವೊಂದಿದೆ. ಸಕ್ಕರೆಯ ಕಣ ಅದಕ್ಕೆ ಸಡಿಲವಾಗಿ ತಾಗಿ, ಜೊಲ್ಲಿನೊಡನೆ ಬೇಗ ತೊಳೆದುಹೋಗುತ್ತದೆ. ಅದಕ್ಕಾಗಿಯೇ ಸಕ್ಕರೆ ಚಮಚಗಟ್ಟಲೆ ಬೇಕಾಗುತ್ತದೆ. ತೀವ್ರ ಸಿಹಿಗಳು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಗ್ರಾಹಕಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ನಾಲಗೆಯ ಮೇಲ್ಪದರಕ್ಕೂ ಅಂಟಿ ನಿಧಾನವಾಗಿ ಬಿಡುತ್ತವೆ ಎಂದೂ ಸಂಶೋಧಕರು ವಿವರಿಸುತ್ತಾರೆ. ಸ್ಯಾಕರಿನ್, ಸ್ಟೀವಿಯಾಗಳು ಕಹಿಯ ಗ್ರಾಹಕಗಳನ್ನೂ ತಟ್ಟುವುದರಿಂದ ಸಿಹಿಯ ಹಿಂದೆ ಕಹಿ ಬರುತ್ತದೆ. ಬೇಗ ಬರುವ ಒಂದು ಸಿಹಿಯನ್ನು ತಡವಾಗಿ ಬರುವ ಇನ್ನೊಂದರೊಡನೆ ಬೆರೆಸಿ ಸಕ್ಕರೆಯ ನಡೆಯನ್ನು ಹೋಲುವಂತೆ ಮಾಡುವುದು ಪಾನೀಯ ತಯಾರಕರ ಉಪಾಯ.

ಮನೆಯಲ್ಲಿಯೇ ಅಳೆಯುವ ಕ್ರಮ

ಈ ಅಭ್ಯಾಸಕ್ಕೆ ಮೂವರು ಬೇಕು. ಒಬ್ಬರು ಸಿದ್ಧಪಡಿಸುವವರು, ಒಬ್ಬರು ಗಡಿಯಾರ ನೋಡಿ ಬರೆಯುವವರು, ಒಬ್ಬರು ರುಚಿ ನೋಡುವವರು. ಶಾಲೆಗೆ ಹೋಗುವ ಮಕ್ಕಳನ್ನು ಬರೆಯುವ ಕೆಲಸಕ್ಕೆ ಕೂರಿಸಿಕೊಂಡರೆ ಅವರಿಗೂ ಒಳ್ಳೆಯ ಪಾಠ.

ಕಾಯಿಸಿ ಆರಿಸಿದ ನೀರನ್ನು ಎರಡು ಲೋಟಗಳಲ್ಲಿ 200 ಮಿಲಿಲೀಟರಿನಂತೆ ಹಾಕಿರಿ. ಒಂದಕ್ಕೆ 10 ಗ್ರಾಂ, ಅಂದರೆ ಎರಡು ಚಹದ ಚಮಚ ಸಕ್ಕರೆಯನ್ನು ಕದಡಿರಿ. ಇನ್ನೊಂದಕ್ಕೆ ಅಷ್ಟೇ ಸಕ್ಕರೆಗೆ ಸಮವೆಂದು ಡಬ್ಬಿಯ ಮೇಲೆ ಬರೆದಿರುವಷ್ಟು ಸಿಹಿ ಗುಳಿಗೆಯನ್ನು ಪುಡಿಮಾಡಿ ಪೂರ್ತಿ ಕರಗಿಸಿರಿ. ಲೋಟಗಳ ತಳಕ್ಕೆ ಅ, ಆ ಎಂದು ಗುರುತು ಹಾಕಿರಿ. ಯಾವುದು ಯಾವುದೆಂದು ಸಿದ್ಧಪಡಿಸಿದವರ ಹೊರತು ಬೇರೆಯವರಿಗೆ ತಿಳಿಯಬಾರದು. ತಿಳಿದರೆ ನಾಲಗೆಯ ಬದಲು ಮನಸ್ಸೇ ಉತ್ತರ ಹೇಳತೊಡಗುತ್ತದೆ.

ರುಚಿ ನೋಡುವವರು ಅದಕ್ಕೆ ಒಂದು ಗಂಟೆ ಮೊದಲಿನಿಂದ ಚಹ, ಎಲೆಅಡಿಕೆ, ಖಾರಗಳನ್ನು ಬಿಟ್ಟಿರಬೇಕು. ಬಾಯಿ ಮುಕ್ಕಳಿಸಿ, ಎರಡು ಚಮಚದಷ್ಟು ನೀರನ್ನು ಬಾಯಿಗೆ ತೆಗೆದುಕೊಂಡು, ಐದು ಎಣಿಸುವವರೆಗೆ ಆಡಿಸಿ ಉಗುಳಬೇಕು. ಬಾಯಿಗೆ ತೆಗೆದುಕೊಂಡ ಗಳಿಗೆಯೇ ಸೊನ್ನೆ. ಅಲ್ಲಿಂದ 5, 10, 20, 30, 45, 60, 90 ಮತ್ತು 120ನೇ ಸೆಕೆಂಡಿಗೆ ಗಡಿಯಾರದವರು ಕೇಳಿದಾಗ, ಸಿಹಿ ಎಷ್ಟಿದೆಯೆಂದು ಕೈಬೆರಳುಗಳಲ್ಲಿ ತೋರಿಸಬೇಕು. ಏನೂ ಇಲ್ಲದಿದ್ದರೆ ಮುಷ್ಟಿ, ಅತ್ಯಂತ ಸಿಹಿಯಾದರೆ ಹತ್ತೂ ಬೆರಳು. ಒಂದು ಲೋಟಕ್ಕೂ ಇನ್ನೊಂದಕ್ಕೂ ನಡುವೆ ಬಾಯಿ ಮುಕ್ಕಳಿಸಿ ಕನಿಷ್ಠ ಐದು ನಿಮಿಷ ಬಿಡಬೇಕು. ಹಿಂದಿನ ಸಿಹಿ ಇನ್ನೂ ಇದೆ ಎನಿಸಿದರೆ ಮತ್ತಷ್ಟು ಕಾಯಬೇಕು. ಲೋಟಗಳ ಸರದಿಯನ್ನು ಬದಲಿಸಿ ಮೂರು ಸಲ ಮಾಡಿ ಸರಾಸರಿ ತೆಗೆದರೆ ಉತ್ತರ ನಂಬುವಂತಾಗುತ್ತದೆ.

ಬರೆದುದನ್ನು ಓದುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಅ ಲೋಟಕ್ಕೆ ಅನುಕ್ರಮವಾಗಿ 6, 8, 5, 3, 1, 0, 0, 0 ಎಂದೂ, ಆ ಲೋಟಕ್ಕೆ 3, 6, 8, 7, 5, 4, 2, 1 ಎಂದೂ ಬಂದಿವೆಯೆನ್ನೋಣ. ಎರಡರ ಶಿಖರವೂ 8. ಬರೀ ಪ್ರಮಾಣವನ್ನು ಕೇಳಿದ್ದರೆ ಎರಡೂ ಸಮಾನವೆನ್ನುತ್ತಿದ್ದೆವು. ಆದರೆ ಅ ಲೋಟದ ಸಿಹಿ 10ನೇ ಸೆಕೆಂಡಿಗೆ ಶಿಖರಕ್ಕೇರಿ 60ಕ್ಕೆ ಮುಗಿದಿದೆ. ಆ ಲೋಟದ್ದು 20ಕ್ಕೆ ಏರಿ 120ಕ್ಕೂ ಮುಗಿದಿಲ್ಲ. ಎತ್ತರ ಒಂದೇ, ಆಕಾರ ಬೇರೆ. "ಗುಳಿಗೆ ಹಾಕಿದ ಚಹ ಯಾಕೋ ಸಮಾಧಾನವಾಗುವುದಿಲ್ಲ" ಎಂದು ಅನೇಕರು ಹೇಳುವುದರ ಒಂದು ಕಾರಣ ಈ ಆಕಾರದಲ್ಲಿದೆ.

ಅಡುಗೆಮನೆಗೆ ಇದರಿಂದ ಏನು ಪ್ರಯೋಜನ?

ಮೊದಲನೆಯದು, ಆತುರ ಸಲ್ಲದು. ಗುಳಿಗೆಯ ಸಿಹಿ ತಡವಾಗಿ ಏರುವುದರಿಂದ ಮೊದಲ ಗುಟುಕಿಗೇ "ಸಪ್ಪೆ" ಎಂದು ಇನ್ನೊಂದು ಗುಳಿಗೆ ಹಾಕುವವರಿದ್ದಾರೆ. ಮೂರನೆಯ ಗುಟುಕಿಗೆ ಚಹ ಅತಿಸಿಹಿಯಾಗಿ, ಮುಂದೆ ಬಹಳ ಹೊತ್ತು ಬಾಯಿ ಕೆಡುತ್ತದೆ. ಅರ್ಧ ನಿಮಿಷ ತಾಳಿ ನಿರ್ಣಯಿಸಬೇಕು.

ಎರಡನೆಯದು, ಒಲೆಯ ಮೇಲೆ ಕುದಿಯುವ ಹುಗ್ಗಿಗೆ, ಪಾಯಸಕ್ಕೆ ಆಸ್ಪರ್ಟೇಮ್ ಗುಳಿಗೆ ಹಾಕಿ ಫಲವಿಲ್ಲ. ಬಹಳ ಹೊತ್ತು ಕುದಿದರೆ ಅದು ಒಡೆದು ಸಿಹಿಯನ್ನು ಕಳೆದುಕೊಳ್ಳುತ್ತದೆ. ಹಾಕುವುದಾದರೆ ಇಳಿಸಿ ಆರಿದ ಮೇಲೆ ಹಾಕಬೇಕು. ಸುಕ್ರಲೋಸ್, ಸ್ಟೀವಿಯಾಗಳು ಶಾಖವನ್ನು ತಾಳುತ್ತವೆ. ಆದರೆ ಮಾದಲಿಗೆ, ಹೋಳಿಗೆಗೆ ಬೆಲ್ಲ ಕೊಡುವ ಅಂಟು, ಬಣ್ಣ, ಮೈಯನ್ನು ಯಾವ ಗುಳಿಗೆಯೂ ಕೊಡಲಾರದು.

ಮೂರನೆಯದು, ಬೆಲ್ಲ, ಜೇನುಗಳು ಗುಳಿಗೆಯ ಸಾಲಿಗೆ ಸೇರಿದವಲ್ಲ. ಬೆಲ್ಲದ ಬಹುಭಾಗ ಸಕ್ಕರೆಯೇ. "ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲದ ಚಹ ಕುಡಿಯುತ್ತೇನೆ" ಎನ್ನುವ ಮಧುಮೇಹಿಗಳು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು. ನಾಲಗೆ ಕಲಿಯಬಲ್ಲದು. ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವರು ಹದಿನೈದು ದಿನಕ್ಕೊಮ್ಮೆ ಕಾಲು ಚಮಚದಂತೆ ಇಳಿಸುತ್ತ ಬಂದರೆ ಕೆಲವು ತಿಂಗಳಲ್ಲಿ ಹಳೆಯ ಚಹವೇ ಅತಿಯೆನಿಸುತ್ತದೆ. ದಿನಕ್ಕೆ 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಹೊರಗಿನಿಂದ ಬೆರೆಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸಗಳ ಸಕ್ಕರೆಯೆಲ್ಲ ಸೇರಿ 50 ಗ್ರಾಂ ಮೀರಬಾರದೆಂದೂ, 25 ಗ್ರಾಮಿಗೆ ಇಳಿಸಿದರೆ ಇನ್ನೂ ಹಿತವೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2015ರ ಸೂಚನೆಯಿಂದ ತಿಳಿಯುತ್ತದೆ. ಅದೇ ಸಂಸ್ಥೆ 2023ರ ಮೇ ತಿಂಗಳಲ್ಲಿ, ತೂಕ ಇಳಿಸುವ ಉಪಾಯವಾಗಿ ಸಕ್ಕರೆಯಲ್ಲದ ಸಿಹಿಗಳನ್ನು ಬಳಸಬಾರದೆಂದು ಸಲಹೆ ನೀಡಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು.

ನಾಲಗೆ ಹೇಳುವುದೇ ಬೇರೆ, ರಕ್ತ ಹೇಳುವುದೇ ಬೇರೆ

ಇನ್ನು ಗೂಗಲ್ಲಿನ ಆ ಬೇವಿನ ನೆರಳಿಗೆ ಮರಳೋಣ. ಸಿಹಿಯೆಂಬುದು ನಾಲಗೆ ನೀಡುವ ಸುದ್ದಿ ಮಾತ್ರ. ರಕ್ತದಲ್ಲಿ ಎಷ್ಟು ಸಕ್ಕರೆಯಿದೆಯೆಂಬುದು ಆ ಸುದ್ದಿಯಿಂದ ತಿಳಿಯದು. ಇದಕ್ಕೆ ನಮ್ಮ ನಿತ್ಯದ ಅನುಭವದಲ್ಲಿಯೇ ಸಾಕ್ಷಿಗಳಿವೆ.

ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರೇ ಸಿಹಿ. ಆ ನೀರಿನಲ್ಲಿ ಸಕ್ಕರೆಯಿಲ್ಲ. ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸುಮಾರು ಅರ್ಧ ಗಂಟೆಯವರೆಗೆ ಅದು ಮರಳಿನಂತೆ ತೋರುತ್ತದೆ. ಸಿಹಿ ತೋರದಿದ್ದರೂ ಆ ಸಕ್ಕರೆ ರಕ್ತಕ್ಕೆ ಸೇರಿಯೇ ಸೇರುತ್ತದೆ. ತಟ್ಟೆ ತುಂಬ ಅನ್ನ ಉಣ್ಣುವಾಗ ನಾಲಗೆಗೆ ಸಿಹಿಯೆನಿಸುವುದಿಲ್ಲ. ಆದರೂ ಅದರ ಪಿಷ್ಟವೆಲ್ಲ ಜೀರ್ಣವಾಗಿ ಗ್ಲೂಕೋಸಾಗಿ ರಕ್ತಕ್ಕಿಳಿಯುತ್ತದೆ. ಗುಳಿಗೆಯ ಚಹದಲ್ಲಿ ಸಿಹಿಯಿದೆ, ಗ್ಲೂಕೋಸಿಲ್ಲ. ನಾಲಗೆಯ ಗಡಿಯಾರ ಸೆಕೆಂಡುಗಳಲ್ಲಿ ಓಡುತ್ತದೆ, ರಕ್ತದ ಗಡಿಯಾರ ನಿಮಿಷಗಳಲ್ಲಿ, ಗಂಟೆಗಳಲ್ಲಿ ನಡೆಯುತ್ತದೆ. ಒಂದನ್ನು ನೋಡಿ ಇನ್ನೊಂದರ ಹೊತ್ತು ಹೇಳಲಾಗದು.

ಆದ್ದರಿಂದ ಇನ್ಸುಲಿನ್ ಅಥವಾ ರಕ್ತದ ಸಕ್ಕರೆಯನ್ನು ತೀರ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಈ ಮಾತುಗಳನ್ನು ಎಲ್ಲರೂ ನೆನಪಿಡಬೇಕು. ಬೆವರು, ಕೈನಡುಕ, ಎದೆಬಡಿತ, ಅತಿ ಹಸಿವು, ತಲೆಸುತ್ತು, ಮಾತಿನ ತೊದಲು ಕಂಡರೆ ಸಕ್ಕರೆ ಇಳಿದಿದೆಯೆಂದು ಸಂಶಯಿಸಬೇಕು. ಯಂತ್ರವಿದ್ದು ಪರೀಕ್ಷಿಸಿದಾಗ 70 ಮಿಲಿಗ್ರಾಮಿಗಿಂತ ಕಡಿಮೆ ತೋರಿದರೆ ಸಂಶಯವೇ ಇಲ್ಲ. ಯಂತ್ರವಿಲ್ಲದಿದ್ದರೆ ಅದಕ್ಕಾಗಿ ಕಾಯಬಾರದು. ಕೂಡಲೇ 15 ಗ್ರಾಂ ಗ್ಲೂಕೋಸ್ ಪುಡಿಯನ್ನು, ಅದಿಲ್ಲದಿದ್ದರೆ ಮೂರು ಚಹದ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಸಿಹಿ ಗುಳಿಗೆ, "ಸಕ್ಕರೆರಹಿತ" ಪಾನೀಯಗಳು ಆಗ ಯಾವ ಕೆಲಸಕ್ಕೂ ಬಾರವು. ಹದಿನೈದು ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಚೇತರಿಸಿದ ಮೇಲೆ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ ಸಕ್ಕರೆ ನಿಧಾನವಾಗಿ ಜೀರ್ಣವಾಗುತ್ತದೆ, ಆದ್ದರಿಂದ ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವ ಭಕ್ತರು ಉಪವಾಸವನ್ನಾಗಲಿ ದೂರದ ದರ್ಶನವನ್ನಾಗಲಿ ಕೈಗೊಳ್ಳುವ ಮೊದಲು ವೈದ್ಯರನ್ನು ಕೇಳಿ ಮದ್ದಿನ ಪ್ರಮಾಣವನ್ನು ನಿಗದಿಪಡಿಸಿಕೊಳ್ಳಬೇಕು. ದಾಸೋಹದ ಸೇವೆಯಲ್ಲಿರುವವರೂ ಇಂಥವರು ಬಂದು ಕೇಳಿದರೆ ಸರದಿಯನ್ನು ಕಾಯಿಸದೆ ಮೊದಲು ಪ್ರಸಾದ ನೀಡುವುದು ಒಳಿತು.

ನಮ್ಮ ಶರಣರ ಚಿಂತನೆಯಲ್ಲಿ ಜಿಹ್ವೆಗೆ ಗುರುಲಿಂಗವೂ ಅಲ್ಲಿ ಅರ್ಪಿತವಾಗಲು ರುಚಿಯೂ ಹೇಳಲ್ಪಟ್ಟಿವೆ. ಹೃದಯಕ್ಕೆ ಮಹಾಲಿಂಗವೂ ಅಲ್ಲಿ ಅರ್ಪಿತವಾಗಲು ತೃಪ್ತಿಯೂ ಹೇಳಲ್ಪಟ್ಟಿವೆ. ರುಚಿಯ ಸ್ಥಾನ ಬೇರೆ, ತೃಪ್ತಿಯ ಸ್ಥಾನ ಬೇರೆ ಎಂಬ ಈ ವಿವೇಕ ಊಟದ ಎಲೆಯ ಮುಂದೆಯೂ ನೆನಪಿನಲ್ಲಿರಲಿ. ಆ ದಿನ ಹಿರಿಯರು ಪ್ರಸಾದ ಮುಗಿಸಿ ಹೊರಡುವಾಗ, ಸೊಸೆ ತಮ್ಮ ಚೀಲವನ್ನು ಬಿಚ್ಚಿ ಗುಳಿಗೆಯ ಡಬ್ಬಿಯ ಪಕ್ಕದಲ್ಲಿ ಸಕ್ಕರೆಯ ಒಂದು ಪೊಟ್ಟಣವನ್ನೂ ಇಟ್ಟುಕೊಂಡರು. ಎರಡೂ ಇರಲಿ. ಯಾವುದು ಯಾವಾಗ ಎಂಬುದು ತಿಳಿದಿರಲಿ.